ಉದುರದ ದಾರ

ಆದವಾನಿಯ ನಮ್ಮ ಓಣಿಯಲ್ಲಿ ಕೂಸು ಅತ್ತರೆ ಮೊದಲು ಡಾಕ್ಟರ ಹೆಸರು ಯಾರ ಬಾಯಿಗೂ ಬರುತ್ತಿರಲಿಲ್ಲ, ಜಂಬಮ್ಮನ ಹೆಸರು ಬರುತ್ತಿತ್ತು. ಬಾಣಂತಿಗೆ ಎರೆಯುವುದು, ಕೂಸಿಗೆ ಎಣ್ಣೆ ತೀಡಿ ನೀರು ಹಾಕುವುದು, ಲೋಬಾನದ ಹೊಗೆ ಕೊಟ್ಟು ಬಟ್ಟೆ ಸುತ್ತಿ ಮಲಗಿಸುವುದು ಆಕೆಯ ಕೆಲಸ. ಮೂವತ್ತೆರಡು ವರ್ಷದಿಂದ ಅದೇ ಕೆಲಸ. ನನ್ನ ಇಬ್ಬರು ಮಕ್ಕಳೂ ಆಕೆಯ ಚಾಚಿದ ಕಾಲುಗಳ ಮೇಲೆ ಬೋರಲು ಮಲಗಿ ನೀರು ಹಾಕಿಸಿಕೊಂಡವರೇ. ಆಕೆ ಕೂಸನ್ನು ಹಿಡಿಯುವ ರೀತಿಗೆ ನಾನು ಇವತ್ತಿಗೂ ಬೆರಗಾಗುತ್ತೇನೆ. ಎಣ್ಣೆ ಹಚ್ಚಿದ ಒದ್ದೆ ಕೂಸು, ಜಾರಿದರೆ ಮುಗಿಯಿತು. ಆಕೆಯ ಕೈಯಿಂದ ಒಂದೂ ಜಾರಿದ್ದಿಲ್ಲ.

ನಾನು ಇಲ್ಲಿನ ಕನ್ನಡ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನಾಚಿಕೆಪಡುವ ಪ್ರಸಂಗ ನನಗೇ ಇದೆ.

ಹುಟ್ಟಿ ಎರಡು ಮೂರು ವಾರ ಆಗುತ್ತಿದ್ದಂತೆ ಕೆಲವು ಕೂಸುಗಳಿಗೆ ಹೊಟ್ಟೆಶೂಲೆ ಶುರುವಾಗುತ್ತದೆ. ಸಂಜೆಯಾದರೆ ಸಾಕು, ಮುಷ್ಟಿ ಬಿಗಿದು, ಮುಖ ಕೆಂಪಗೆ ಮಾಡಿಕೊಂಡು, ಕಾಲನ್ನು ಹೊಟ್ಟೆಗೆ ಎಳೆದುಕೊಂಡು ಚೀರುತ್ತವೆ. ಹಾಲು ಕೊಟ್ಟರೂ ಇಲ್ಲ, ತೂಗಿದರೂ ಇಲ್ಲ. ತಾಯಿ ಅಳುತ್ತಾಳೆ, ಅತ್ತೆ ಬೈಯುತ್ತಾಳೆ, ಗಂಡ ಬಸ್ ಸ್ಟ್ಯಾಂಡಿನ ಕಡೆ ಹೋಗಿಬಿಡುತ್ತಾನೆ. ಆಗ ಜಂಬಮ್ಮ ಬರುತ್ತಿದ್ದಳು. ಹೊಕ್ಕುಳ ಸುತ್ತ ಇಂಗಿನ ನೀರು ಹಚ್ಚುವಳು, ಕೂಸಿನ ಹೊಟ್ಟೆ ತನ್ನ ಮುಂಗೈ ಮೇಲೆ ಬರುವಂತೆ ಬೋರಲು ಹಾಕಿಕೊಂಡು ಅಂಗಳದಲ್ಲಿ ತಿರುಗಾಡುವಳು. ಅದಕ್ಕೂ ಬಗ್ಗದಿದ್ದರೆ ಕೊನೆಯ ಮದ್ದು ದಾರ.

ಆ ದಾರ ಅಂಗಡಿಯದಲ್ಲ. ಜಂಬಮ್ಮನ ಗಂಡ ಮಾರೆಪ್ಪ ಕುರಿ ಸಾಕುವವನು. ಕರಿ ಮರಿಯ ಮೊದಲ ಕತ್ತರಿಯ ಉಣ್ಣೆಯನ್ನು ಆಕೆ ತಾನೇ ಕದರಿನಲ್ಲಿ ನೂತು, ಏಳು ಗಂಟು ಹಾಕಿ, ಕೂಸಿನ ಎಡಗಾಲಿಗೆ ಹಿಮ್ಮಡಿಯ ಮೇಲ್ಗಡೆ ಸುತ್ತಿ ಕಟ್ಟುತ್ತಿದ್ದಳು. ಕಟ್ಟಿ ಒಂದೇ ಮಾತು ಹೇಳುವಳು: “ತಾನಾಗೇ ಉದುರೋತನ ಯಾರೂ ಮುಟ್ಟಬ್ಯಾಡ್ರಿ. ಉದುರಿದ ದಿನ ಶೂಲಿ ಹೋತು ಅಂತ ತಿಳ್ಕೊಳ್ರಿ.” ದಾರ ಹದಿನೈದು ದಿನಕ್ಕೋ ತಿಂಗಳಿಗೋ ಹರಿದು ಬೀಳುತ್ತಿತ್ತು. ಕೂಸೂ ಇವತ್ತಲ್ಲ ನಾಳೆ ಸುಮ್ಮನಾಗುತ್ತಿತ್ತು. ನನ್ನ ಮಕ್ಕಳಿಗೂ ಕಟ್ಟಿಸಿದ್ದೆ. ವಿಜ್ಞಾನದ ಟೀಚರಿಗೂ ಸಂಜೆ ಐದರಿಂದ ಎಂಟರ ತನಕ ಚೀರುವ ಕೂಸು ಕೈಯಲ್ಲಿದ್ದರೆ ತಲೆ ನೆಟ್ಟಗೆ ನಿಲ್ಲುವುದಿಲ್ಲ.

ಹೋದ ವರ್ಷ ನನ್ನ ತಂಗಿಯ ಕೂಸಿಗೆ ಕಟ್ಟಿದ ದಾರ ಎಂಟೇ ದಿನಕ್ಕೆ ಹರಿಯಿತು, ಅಳು ಹಾಗೇ ಉಳಿಯಿತು. ಓಣಿಯ ಇನ್ನೂ ನಾಲ್ಕು ಜನ ಇದೇ ದೂರು ಹೇಳಿದರು. ನಾನಂತೂ ನೀರಿನ ನಲ್ಲಿಯ ಹತ್ತಿರ ಎಲ್ಲರೆದುರು, “ಜಂಬಮ್ಮ, ನಿನ್ನ ದಾರಕ್ಕ ಗ್ಯಾರಂಟಿ ಇಲ್ಲ ಬಿಡು” ಎಂದು ನಗಾಡಿದೆ. ಆಕೆಯೂ ನಕ್ಕಳು. ಆದರೆ ಮುಖ ಸಣ್ಣದಾಗಿತ್ತು.

ಈಗ ಹಾರಿಕಾಳ ಮಾತಿಗೆ ಬರುತ್ತೇನೆ. ನಮ್ಮ ಮನೆಗೆ ಮೂರು ಮನೆ ಆಚೆ ಲಕ್ಷ್ಮಿದೇವಿ ಇದ್ದಾಳೆ, ಅವಳ ಸೊಸೆ ಈ ಹಾರಿಕಾ. ಬಸುರಿಯಾಗಿ ಏಳು ತಿಂಗಳ ತನಕ ಜಿನ್ನಿಂಗ್ ಮಿಲ್ಲಿನಲ್ಲಿ ಹತ್ತಿ ಆರಿಸುತ್ತಿದ್ದ ಹುಡುಗಿ. ತವರು ಕೋಸಗಿ. ಅಪ್ಪ ಅವ್ವ ಗುಂಟೂರು ಕಡೆ ಮೆಣಸಿನಕಾಯಿ ಬಿಡಿಸಲು ಹೋಗಿದ್ದರಿಂದ ಮೊದಲ ಬಾಣಂತನವೇ ಅತ್ತೆಮನೆಯಲ್ಲಾಯಿತು. ನವೆಂಬರಿನಲ್ಲಿ ಹೆಣ್ಣು ಕೂಸು ಹುಟ್ಟಿತು. ಜಂಬಮ್ಮ ನಲವತ್ತು ದಿನ ನೀರು ಹಾಕಿದಳು. ಮೂರನೇ ವಾರಕ್ಕೆ ಶೂಲೆ ಶುರುವಾಯಿತು, ಐದನೇ ವಾರಕ್ಕೆ ದಾರ ಕಟ್ಟಿದಳು. ನಲವತ್ತು ದಿನ ಮುಗಿದ ಮೇಲೆ ಬೇರೆ ಮನೆಯ ಬಾಣಂತಿ ಎಂದು ಆಕೆ ಆ ಕಡೆ ಹೋದಳು. ಕೂಸಿಗೆ ನೀರು ಹಾಕುವುದು ಲಕ್ಷ್ಮಿದೇವಿಯ ಪಾಲಿಗೆ ಬಂತು. ಆಕೆಗೆ ನೀರು ಚುರುಚುರು ಸುಡಬೇಕು, ಇಲ್ಲದಿದ್ದರೆ ಸ್ನಾನವೇ ಅಲ್ಲ.

ಸಂಕ್ರಾಂತಿ ಮುಗಿದು ಒಂದು ವಾರಕ್ಕೆ ಲಕ್ಷ್ಮಿದೇವಿ ಸಂಭ್ರಮದಿಂದ ಬಂದು ಹೇಳಿದಳು: “ಟೀಚರಮ್ಮ, ದಾರ ಉದುರಿತು ನೋಡ್ರಿ. ಎಲ್ಲಿ ಬಿತ್ತೋ ಏನೋ, ಕಾಣವಲ್ದು. ಇನ್ನ ಶೂಲಿ ಹೋತು.” ನಾನೂ ಒಳ್ಳೆಯದಾಯಿತು ಎಂದೆ. ಆದರೆ ಅಳು ನಿಲ್ಲಲಿಲ್ಲ. ಮೊದಲು ಸಂಜೆ ಮಾತ್ರ ಅಳುತ್ತಿದ್ದ ಕೂಸು ಈಗ ಬೆಳಿಗ್ಗೆಯೂ ಅಳತೊಡಗಿತು, ಅದರಲ್ಲೂ ಸ್ನಾನ ಮಾಡಿಸಿದ ಕೂಡಲೇ. ಒಂದು ದಿನ ಹಾರಿಕಾ ನನ್ನೆದುರಿಗೇ ಮೆಲ್ಲಗೆ ಅಂದಳು: “ಅತ್ತಿ, ಎಡಗಾಲು ಮುಟ್ಟಿದ್ರ ಜಾಸ್ತಿ ಅಳತೈತ್ರಿ. ಕಾಲ ಎಳ್ಕೊಳ್ಳತೈತಿ.”

“ಹೊಟ್ಟಿ ನೋವಿಗೆ ಕಾಲು ಎಳ್ಕೊಳ್ಳದ ಮತ್ತೇನು ಕೈ ಎಳ್ಕೊಳ್ಳತೈತೇನ?” ಎಂದಳು ಲಕ್ಷ್ಮಿದೇವಿ. “ನಿನಗೇನ್ ಗೊತ್ತು, ಮೊನ್ನಿ ಹಡದಾಕಿ.”

ಪಾದ ಸ್ವಲ್ಪ ಊದಿದ ಹಾಗಿತ್ತಂತೆ. ಗೆಜ್ಜೆ ಬಿಗಿಯಾಗಿದೆ, ಕೂಸು ಮೈ ಹಿಡಿದಿದೆ ಎಂದು ಲಕ್ಷ್ಮಿದೇವಿ ಗೆಜ್ಜೆ ಬಿಚ್ಚಿಟ್ಟಳು. ಚಳಿಗೆಂದು ಕಾಲುಚೀಲ ಹಾಕಿದಳು. ಇದನ್ನೆಲ್ಲ ಹೇಳುವಾಗ ನನಗೆ ಸಿಟ್ಟು ಬರುತ್ತದೆ, ಆಕೆಯ ಮೇಲಷ್ಟೇ ಅಲ್ಲ. ನಾನೂ ಅಲ್ಲೇ ಕೂತು ಚಹಾ ಕುಡಿಯುತ್ತಿದ್ದೆ. ಆ ಕಾಲುಚೀಲ ಒಮ್ಮೆ ತೆಗೆದು ನೋಡೋಣ ಎಂದು ನನಗೂ ಅನಿಸಲಿಲ್ಲ.

ಶಿವರಾತ್ರಿಯ ಹಿಂದಿನ ವಾರ, ಭಾನುವಾರ ಬೆಳಿಗ್ಗೆ, ಲಕ್ಷ್ಮಿದೇವಿ ಜಂಬಮ್ಮನನ್ನು ಕರೆಸಿದಳು. ಶೂಲೆ ತಿರುಗಿ ಬಂದಿದೆ, ಈ ಸಲ ಬಲಗಾಲಿಗೆ ಇನ್ನೊಂದು ದಾರ ಕಟ್ಟು ಎಂದು. ನಾನೂ ಹೋಗಿದ್ದೆ. ಜಂಬಮ್ಮ ಗೋಡೆಗೊರಗಿ ಕೂತು, ಕಾಲು ಚಾಚಿ, ಕೂಸನ್ನು ಮಲಗಿಸಿಕೊಂಡಳು. ಕಟ್ಟುವ ಮೊದಲು ಆಕೆ ಯಾವಾಗಲೂ ಎರಡೂ ಕಾಲಿಗೆ ತೊಡೆಯಿಂದ ಪಾದದ ತನಕ ಎಣ್ಣೆ ಎಳೆಯುತ್ತಾಳೆ. ಬಲಗಾಲು ಆಯಿತು. ಎಡಗಾಲಿನ ಕಾಲುಚೀಲ ತೆಗೆದು ಕೈ ಕೆಳಗೆ ತಂದಳು. ಹಿಮ್ಮಡಿಯ ಮೇಲಿನ ಮಡಿಕೆಗೆ ಬಂದಾಗ ಕೈ ನಿಂತುಬಿಟ್ಟಿತು.

ಕೂಸು ಎಂಥ ಕಿರುಚು ಕಿರುಚಿತೆಂದರೆ ನನ್ನ ಕೈಯಲ್ಲಿದ್ದ ಲೋಟ ಬಿತ್ತು.

ಜಂಬಮ್ಮ ಬೆರಳಿನಿಂದ ಆ ಮಡಿಕೆಯನ್ನು ಬಿಡಿಸಿ ನೋಡಿದಳು. ಮಡಿಕೆಯಲ್ಲ ಅದು. ಕಾಲಿನ ಸುತ್ತ ಗೆರೆ ಕೊರೆದ ಹಾಗೆ ಗಾಯ, ಒಳಗೆ ಒದ್ದೆ, ಕೆಟ್ಟ ವಾಸನೆ. ಅದರ ಕೆಳಗೆ ಪಾದ ಉಬ್ಬಿ ನೇರಳೆ ಬಣ್ಣಕ್ಕೆ ತಿರುಗಿತ್ತು.  ಹಾರಿಕಾ ಬಾಯಿಗೆ ಸೆರಗು ಒತ್ತಿ ನಿಂತಳು. ಜಂಬಮ್ಮ ಒಂದೇ ಮಾತು ಹೇಳಿದಳು: “ಟೀಚರಮ್ಮ, ಆಟೋ ಕರೀರಿ. ಇದು ಹೊಟ್ಟಿದಲ್ಲ.”

ಸ್ಟೇಷನ್ ಕಡೆಯ ಮಕ್ಕಳ ಡಾಕ್ಟರು ಭಾನುವಾರವೂ ಮಧ್ಯಾಹ್ನದ ತನಕ ಇರುತ್ತಾರೆ. ತೆಲುಗಿನವರು, ಮಾತು ಕಡಿಮೆ. ಕಾಲು ನೋಡಿದವರೇ, “ಇದೇಂಟಮ್ಮಾ ಇದಿ? ಏನಮ್ಮಾ ಇದು?” ಎಂದು ಎದ್ದು ನಿಂತರು. ಆಪರೇಷನ್ ಮಾಡುವ ಇನ್ನೊಬ್ಬ ಡಾಕ್ಟರನ್ನು ಫೋನ್ ಮಾಡಿ ಕರೆಸಿದರು. ಕೂಸನ್ನು ಒಳಗೆ ತೆಗೆದುಕೊಂಡು ಹೋದರು. ನಾವು ನಾಲ್ವರು ಹೊರಗೆ ಬೆಂಚಿನ ಮೇಲೆ ಕೂತೆವು. ಕಾಲು ಉಳಿಯುತ್ತದೋ ಇಲ್ಲವೋ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಮುಕ್ಕಾಲು ಗಂಟೆಯ ಮೇಲೆ ಡಾಕ್ಟರು ಹೊರಗೆ ಬಂದರು, ಕೈಯಲ್ಲಿ ಸಣ್ಣ ಸ್ಟೀಲ್ ತಟ್ಟೆ.

ಅದರಲ್ಲಿ ದಾರವಿತ್ತು. ಚರ್ಮ ಅದರ ಮೇಲೆ ಬೆಳೆದುಬಿಟ್ಟಿತ್ತಂತೆ. ಅದಕ್ಕೇ ಯಾರಿಗೂ ಕಾಣಲಿಲ್ಲ. ರಕ್ತ ಹರಿಯುತ್ತಿದೆ, ಬೆರಳು ಕೆಂಪಗಾಗುತ್ತಿವೆ, ಕಾಲು ಉಳಿಯಿತು ಎಂದರು. ಇನ್ನೆರಡು ದಿನ ತಡವಾಗಿದ್ದರೆ ಪಾದ ತೆಗೆಯಬೇಕಾಗುತ್ತಿತ್ತು ಎಂದೂ ಹೇಳಿದರು. ಆಮೇಲೆ ಹಾರಿಕಾಳ ಕಡೆ ತಿರುಗಿ, ತಾಯಿಯಾದವಳಿಗೆ ಇಷ್ಟೂ ಎಚ್ಚರ ಬೇಡವೇ, ಬಟ್ಟೆಯ ದಾರ ಸುತ್ತಿಕೊಂಡರೆ ಕಾಣುವುದಿಲ್ಲವೇ ಎಂದು ಗದರಿದರು.

ಲಕ್ಷ್ಮಿದೇವಿಗೆ ಅಷ್ಟೇ ಸಾಕಾಯಿತು. “ನೋಡ್ರಿ! ಮಿಲ್ಲಿಂದ ತಂದ ಅರಿವಿ ಕೂಸಿನ ತೊಟ್ಟಲಾಗ ಹಾಸ್ತಾಳ್ರಿ. ನಾ ಎಷ್ಟು ಹೇಳಿದ್ರೂ ಕೇಳಲ್ಲ. ನನ್ನ ಮೊಮ್ಮಗಳ ಕಾಲು ತಿಂದು ಕುಂತಿದ್ಲು” ಎಂದು ಆಸ್ಪತ್ರೆಯೇ ಕೇಳುವಂತೆ ಶುರುಮಾಡಿದಳು. ಹಾರಿಕಾ ಎದುರು ಮಾತನಾಡಲಿಲ್ಲ. ನಿಜವಿರಬಹುದೇನೋ ಎಂದು ಅವಳೂ ನಂಬಿಬಿಟ್ಟಿದ್ದಳು, ಅವಳ ಮುಖದಲ್ಲೇ ಕಾಣುತ್ತಿತ್ತು.

ಜಂಬಮ್ಮ ತಟ್ಟೆಯ ಹತ್ತಿರ ಹೋಗಿ ಬಗ್ಗಿ ನೋಡಿದಳು. ಬಹಳ ಹೊತ್ತು ನೋಡಿದಳು. ಕರಿ ಉಣ್ಣೆ ಕುಗ್ಗಿ ಗಂಟುಗಂಟಾಗಿ ಕಂಬಳಿಯ ಹಾಗೆ ಬಿಗಿದಿತ್ತು, ಅದರ ನಡುವೆ ಬಿಳಿಯ ಎಳೆ ಹೊಳೆಯುತ್ತಿತ್ತು. ಆಕೆ ಬೆರಳು ಮುಂದೆ ಮಾಡಿ, ಮುಟ್ಟದೆ, ಗಂಟು ಎಣಿಸಿದಳು.

“ಆ ಹುಡುಗಿನ ಬೈಬ್ಯಾಡ್ರಿ. ಇದು ನಂದು” ಎಂದಳು.

“ನಿಂದು ಹೆಂಗಾಗತೈತಿ? ನಿನ್ನ ದಾರ ಉದುರಿತಲ್ಲ!” ಲಕ್ಷ್ಮಿದೇವಿಗೆ ಆಕೆಯ ಮಾತು ಬೇಕಾಗಿಯೇ ಇರಲಿಲ್ಲ.

“ಉದುರಿಲ್ಲವ್ವ. ಒಳಗ ಹೋಗಿತ್ತು.”

 ಜಂಬಮ್ಮ ನನ್ನ ಕಡೆ ನೋಡಿದಳು. ಬೈಯುವ ನೋಟವಲ್ಲ ಅದು, ಪಾಪ, ನನಗೆ ವಿವರ ಹೇಳುವಂತೆ ಹೇಳಿದಳು: “ಲಗೂನ ಹರೀತೈತಿ ಅಂತ ಎಲ್ರೂ ಅಂದ್ರಲ್ರಿ. ದಸರಾದಾಗಿಂದ ಹತ್ತಿ ಚೀಲ ಹೊಲಿಯೋ ನೈಲಾನ್ ದಾರ ಒಳಗ ಸೇರಿಸಿ ನೂಲಾಕತ್ತಿದ್ದೆ. ಗಟ್ಟಿ ಇರಲಿ ಅಂತ.”

ನನಗೆ ನೆಲ ಬಾಯಿಬಿಟ್ಟು ನುಂಗಬಾರದೇ ಅನಿಸಿತು. ಉಣ್ಣೆ ಬಿಸಿನೀರಿಗೆ ಕುಗ್ಗುತ್ತದೆ, ನೈಲಾನ್ ಕೊಳೆಯುವುದಿಲ್ಲ, ಕೂಸು ದಿನದಿನಕ್ಕೂ ಬೆಳೆಯುತ್ತದೆ. ಈ ಮೂರನ್ನೂ ನಾನು ಎಂಟನೇ ತರಗತಿಗೆ ಪಾಠ ಮಾಡುತ್ತೇನೆ. ಮೂವತ್ತೆರಡು ವರ್ಷ ಆ ದಾರ ಯಾರಿಗೂ ಏನೂ ಮಾಡದೆ ಇದ್ದದ್ದು ಅದು ಹರಿದು ಬೀಳುತ್ತಿದ್ದುದರಿಂದ. ಹರಿಯುತ್ತದೆ ಎಂದು ನಕ್ಕವಳು ನಾನು.

ಡಾಕ್ಟರು ಆಕೆಯನ್ನು ಬೈಯುತ್ತಾರೆ ಎಂದುಕೊಂಡೆ. ಅವರು ಕುರ್ಚಿ ತೋರಿಸಿ ಕೂರಲು ಹೇಳಿದರು. ಎಳೆಕೂಸಿನ ಈ ಸಂಜೆಯ ಅಳು ಮೂರು ನಾಲ್ಕು ತಿಂಗಳಿಗೆ ತಾನಾಗಿಯೇ ನಿಲ್ಲುತ್ತದೆ, ದಾರ ಕಟ್ಟಿದರೂ ಅಷ್ಟೇ, ಕಟ್ಟದಿದ್ದರೂ ಅಷ್ಟೇ, ಎತ್ತಿಕೊಂಡು ತಿರುಗಾಡುವುದು ಬಿಟ್ಟರೆ ನಮ್ಮ ಹತ್ತಿರವೂ ದೊಡ್ಡ ಮದ್ದಿಲ್ಲ ಎಂದು ಹರಕು ಕನ್ನಡದಲ್ಲಿ ಹೇಳಿದರು. ಒಂದೇ ಕಡೆ ಮುಟ್ಟಿದಾಗ ಅತ್ತರೆ, ಜ್ವರ ಬಂದರೆ, ಹಾಲು ಬಿಟ್ಟರೆ ಅದು ಶೂಲೆಯಲ್ಲ, ಕೂಡಲೇ ಕರೆದುಕೊಂಡು ಬನ್ನಿ ಎಂದರು. ಜಂಬಮ್ಮ ತಲೆಯಾಡಿಸಿದಳು. ಹಾರಿಕಾ, ಲಕ್ಷ್ಮಿದೇವಿ ಕೂಸಿನ ಜೊತೆ ಆಸ್ಪತ್ರೆಯಲ್ಲೇ ಉಳಿದರು. ನಾವಿಬ್ಬರು ಆಟೋದಲ್ಲಿ ಮರಳುವಾಗ ಜಂಬಮ್ಮ ನನ್ನನ್ನು ಕೇಳಿದಳು:

“ಕಟ್ಟದಿದ್ರೂ ನಿಲ್ಲತೈತಿ ಅಂದ್ರಲ್ರಿ. ಹಂಗಾದ್ರ ಇಷ್ಟು ವರ್ಷ ನಾ ಮಾಡಿದ್ದೇನ್ರಿ, ಟೀಚರಮ್ಮ?”

ನಾನು ರಸ್ತೆ ನೋಡುತ್ತಾ ಕೂತೆ. 

ಓಣಿಯ ತಿರುವು ಬರುವಷ್ಟರಲ್ಲಿ ಆಕೆ ಒಮ್ಮೆಲೇ ನನ್ನ ಕೈ ಗಟ್ಟಿಯಾಗಿ ಹಿಡಿದಳು. “ದಸರಾದಾಗಿಂದ ಹದಿನಾರು ಕೂಸಿಗೆ ಕಟ್ಟೀನ್ರಿ” ಎಂದಳು.  ಒಂದು ಕೂಸಿನ ಕಾಲು ಈಗ ತಾನೇ ನೋಡಿ ಬಂದಿದ್ದೆವು. ಇನ್ನೂ ಹದಿನೈದು ಕಾಲುಗಳು ಎಲ್ಲೆಲ್ಲೋ ಇದ್ದವು.

ಜಂಬಮ್ಮನಿಗೆ ಓದು ಬರುವುದಿಲ್ಲ. ಆದರೆ ಯಾವ ಮನೆ, ಯಾವ ಬಾಣಂತಿ, ಗಂಡೋ ಹೆಣ್ಣೋ, ಕಟ್ಟಿದ ವಾರ ಯಾವುದು, ಎಲ್ಲ ಬಾಯಲ್ಲೇ ಇತ್ತು. ನಾನು ಬರೆದುಕೊಂಡೆ. ಅವತ್ತು ಊಟ ಮಾಡದೆ ಹೊರಟಳು, ನಾನೂ ಜೊತೆಗೆ ಹೋದೆ. ಸೋಮವಾರ ಶಾಲೆಗೆ ರಜೆ ಹಾಕಿದೆ. ಮನೆಮನೆಗೆ ಹೋಗಿ ಕತ್ತರಿ ಕೇಳಿ ಇಸಿದುಕೊಂಡು, ತಾನು ಕಟ್ಟಿದ ದಾರವನ್ನು ತಾನೇ ಕತ್ತರಿಸಿದಳು. ಮೂರು ಮನೆಗಳಲ್ಲಿ ತಾಯಂದಿರು ಮುಂಚೆಯೇ ಗುಟ್ಟಾಗಿ ಕತ್ತರಿಸಿ ಬಿಸಾಕಿ, ಅತ್ತೆಗೆ ಹೆದರಿ ಉದುರಿತು ಎಂದು ಸುಳ್ಳು ಹೇಳಿದ್ದರು. ಜಂಬಮ್ಮ ಅವರ ತಲೆ ಸವರಿ, “ಒಳ್ಳೇದು ಮಾಡಿದ್ರಿ ತಾಯಿ” ಎಂದಳು. ಒಂದು ಮನೆಯಲ್ಲಿ ಅಜ್ಜಿ ಬಾಗಿಲಲ್ಲೇ ನಿಲ್ಲಿಸಿ ಬಾಯಿಗೆ ಬಂದಂತೆ ಬೈದಳು. ಇನ್ನೊಂದು ಮನೆಯಲ್ಲಿ ಎಲ್ಲ ಕೇಳಿದ ಮೇಲೂ, “ಹಂಗಾದ್ರ ಬರೇ ಉಣ್ಣಿದು ಒಂದು ಕಟ್ಟಿ ಹೋಗು” ಎಂದರು. ಬೈದಾಗ ನಿಂತು ಕೇಳಿಸಿಕೊಂಡ ಜಂಬಮ್ಮ ಈ ಮಾತಿಗೆ ಮಾತ್ರ ಕತ್ತರಿಯನ್ನು ಅವರ ಕೈಗೇ ಕೊಟ್ಟು ಅಂಗಳಕ್ಕೆ ಇಳಿದಳು.

ಸಿ. ಬೆಳಗಲ್ ಎಂಬ ಊರಿನಲ್ಲಿದ್ದ ಕೂಸಿಗಾಗಿ ಬಸ್ ಬದಲಿಸಿ ಹೋದೆವು. ಆ ಕೂಸಿನ ಕಾಲಲ್ಲಿ ಆಗಲೇ ಕೆಂಪು ಗೆರೆ ಮೂಡಿತ್ತು. ಕತ್ತರಿಯ ತುದಿ ತೂರಿಸಲು ಜಾಗವಿರಲಿಲ್ಲ, ಎಣ್ಣೆ ಹಾಕಿ ಹಾಕಿ ಬಿಡಿಸಿದಳು.

ಮಂಗಳವಾರ ಸಂಜೆಗೆ ಒಂದು ಕೂಸು ಬಿಟ್ಟು ಎಲ್ಲ ಸಿಕ್ಕವು. ಆ ಒಂದು ಕೋಸಗಿಯ ದೀಪಿಕಾಳದು. ಡಿಸೆಂಬರಿನಲ್ಲಿ ಗಂಡು ಕೂಸು ಹಡೆದವಳು. ಒಂದು ತಿಂಗಳ ಕೂಸನ್ನು ಕಟ್ಟಿಕೊಂಡೇ ಗಂಡನ ಹಿಂದೆ ಗುಂಟೂರು ಕಡೆ ಮೆಣಸಿನಕಾಯಿ ಹೊಲಕ್ಕೆ ಹೋಗಿದ್ದಳು. ರೈಲು ಹತ್ತುವ ಹಿಂದಿನ ದಿನ ಕಟ್ಟಿಸಿಕೊಂಡು ಹೋಗಿದ್ದ ದಾರ ಅದು. ಅವಳ ನಂಬರು ಸಿಗಲು ಮೂರು ಮನೆ ತಿರುಗಿದೆವು. ನಮ್ಮ ಮನೆಯ ಪಡಸಾಲೆಯಲ್ಲಿ ಕೂತು ಫೋನ್ ಮಾಡಿ, ಜಂಬಮ್ಮನ ಕೈಗೆ ಕೊಟ್ಟು, ಇಬ್ಬರಿಗೂ ಕೇಳುವಂತೆ ಸ್ಪೀಕರ್ ಹಾಕಿದೆ.

“ದೀಪಿಕಾ, ಕೂಸಿನ ಎಡಗಾಲು ನೋಡವ್ವ. ದಾರ ಐತೇನು?”

“ಐತಿ ಜಂಬವ್ವ. ಗಟ್ಟಿ ಐತಿ. ಇಲ್ಲಿ ಎಲ್ಲಾರೂ ಕೇಳ್ತಾರ, ಎಲ್ಲಿ ಕಟ್ಟಿಸಿದಿ ಅಂತ.”

“ಬೆರಳು ತೂರತೈತೇನು ಅದರಾಗ?”

“ಇಲ್ಲ. ಸ್ವಲ್ಪ ಒತ್ತೈತಿ.”

“ಕೊಯ್ದು ತಗಿ. ಈಗ. ನಾ ಫೋನ್ ಹಿಡ್ಕೊಂಡಿರತೀನಿ.”

 ದೀಪಿಕಾಳ ದನಿ ಗಡುಸಾಗಿ ಬಂತು: “ನಾ ತಗಿಯಂಗಿಲ್ಲ. ನೀನ ಹೇಳಿದ್ದಿ, ತಾನಾಗೇ ಉದುರೋತನ ಮುಟ್ಟಬ್ಯಾಡ ಅಂತ. ಇದು ಕಟ್ಟಿದ ಮ್ಯಾಲೆ ಅಳೋದು ಕಮ್ಮಿ ಆಗೈತಿ. ನಾ ಸಾಲಿನ ತುದಿಗೆ ಕೂಸಿನ ಮಲಗಿಸಿ ಕಾಯಿ ಬಿಡಸ್ತೀನಿ. ಅತ್ರ ನನಗ ಕೆಲಸಕ್ಕ ಬರಬ್ಯಾಡ ಅಂತಾರ.”

ಹೇಳಿದಳು ಜಂಬಮ್ಮ. ಹಾರಿಕಾಳ ಕೂಸಿನ ಕಾಲು, ಗಾಯ, ತಟ್ಟೆಯ ಸಂಗತಿ ಎಲ್ಲ ಹೇಳಿದಳು. ದೀಪಿಕಾ ನಂಬಲಿಲ್ಲ. ಯಾರೋ ಏನೋ ಹೇಳಿ ನಿನ್ನ ತಲೆ ಕೆಡಿಸಿದ್ದಾರೆ, ನಿನ್ನ ದಾರದಲ್ಲಿ ಶಕ್ತಿ ಇದೆ ಎಂದು ನನಗೆ ಗೊತ್ತು ಎಂದಳು. ಅಲ್ಲಿಂದಲೇ ಅವಳು ಫೋನ್ ಇಟ್ಟುಬಿಟ್ಟರೆ ನಾವು ಮಾಡುವುದೇನೂ ಇರಲಿಲ್ಲ. ನಾನು ಫೋನ್ ಕಿತ್ತುಕೊಂಡು ಉಣ್ಣೆ, ನೈಲಾನ್ ಎಂದು ಪಾಠ ಶುರುಮಾಡಬೇಕು ಎನ್ನುವಷ್ಟರಲ್ಲಿ ಜಂಬಮ್ಮ ನನ್ನ ಕೈ ತಡೆದಳು. ಆಕೆಯ ಕಣ್ಣಲ್ಲಿ ನೀರಿತ್ತು, ದನಿ ಮಾತ್ರ ಗಟ್ಟಿಯಿತ್ತು.

“ದೀಪಿಕಾ, ಕೇಳು ತಾಯಿ. ಅದರಾಗ ಏನೂ ಇಲ್ಲ. ಮೊದಲೂ ಏನೂ ಇರಲಿಲ್ಲ. ಬರೇ ಕುರಿ ಕೂದಲ. ನೀ ಕೂಸಿದ್ದಾಗ ನಿನಗ ಕಟ್ಟಿದ್ದೂ ಅಷ್ಟ, ನಿನ್ನ ಕೂಸಿಗೆ ಕಟ್ಟಿದ್ದೂ ಅಷ್ಟ. ನನ್ನ ಕೈಯಾಗ ಯಾವ ಶಕ್ತಿನೂ ಇಲ್ಲ. ನಿನ್ನ ಕೂಸಿನ ಕಾಲು ಉಳೀಬೇಕು. ಕೊಯ್ಯಿ.”

ಮೂವತ್ತೆರಡು ವರ್ಷ ಓಣಿಯಲ್ಲಿ ತಲೆಯೆತ್ತಿ ನಡೆದ ಹೆಂಗಸು ನನ್ನ ಪಡಸಾಲೆಯಲ್ಲಿ ಕೂತು ಆ ಮಾತು ಹೇಳಿದಳು. 

ಆ ಕಡೆ ಯಾರನ್ನೋ ಬ್ಲೇಡ್ ಕೇಳಿದ ಸದ್ದು, ತಗಡಿನ ಮೇಲೆ ಫೋನ್ ಇಟ್ಟ ಸದ್ದು.  ಆಮೇಲೆ ಕೂಸಿನ ಅಳು ಕೇಳಿಸಿತು, ಜೋರಾಗಿ.

“ಬಂತು, ಹರೀತು. ಗೆರಿ ಬಿದ್ದೈತಿ, ರಕ್ತ ಇಲ್ಲ” ಎಂದಳು ದೀಪಿಕಾ. ಮರುಕ್ಷಣಕ್ಕೇ ಅಳುದನಿಯಲ್ಲಿ, “ನೋಡು ಜಂಬವ್ವ, ತಗದ ಕೂಡ್ಲೇ ಹೆಂಗ ಅಳಾಕತ್ತಾನ! ಈಗ ನಾ ಏನ್ ಮಾಡ್ಲಿ?” ಎಂದಳು.

 ಜಂಬಮ್ಮನ ಹತ್ತಿರ ಯಾವ ಮದ್ದೂ ಉಳಿದಿರಲಿಲ್ಲ.

“ಮುಂಗೈ ಮ್ಯಾಲೆ ಬೋರಲ ಹಾಕ್ಕೋ. ಹೊಟ್ಟಿ ನಿನ್ನ ಕೈಗೆ ಹತ್ತಲಿ. ನಡಿ. ಸುಮ್ನ ನಡಿ, ನಿಲ್ಲಬ್ಯಾಡ” ಎಂದಳು.

ಹೇಳುತ್ತಾ ತಾನೂ ಎದ್ದಳು. ಫೋನನ್ನು ಬಾಯಿಯ ಹತ್ತಿರ ಹಿಡಿದುಕೊಂಡು, ಇನ್ನೊಂದು ಕೈ ಮಡಿಚಿ ಮುಂದೆ ಹಿಡಿದು, ನನ್ನ ಪಡಸಾಲೆಯಲ್ಲಿ ಆ ಗೋಡೆಯಿಂದ ಈ ಗೋಡೆಗೆ ನಡೆಯತೊಡಗಿದಳು. “ನಡದಿಯೇನು? ಹ್ಞಾಂ, ನಡಿ. ನಾನೂ ನಡೀತೀನಿ” ಎನ್ನುತ್ತಲೇ ಇದ್ದಳು. ಗುಂಟೂರಿನ ಹೊಲದಲ್ಲಿ ಕೂಸು ಸುಮ್ಮನಾಗಲು ನಲವತ್ತು ನಿಮಿಷ ಬೇಕಾಯಿತು. ಅಲ್ಲಿಯ ತನಕ ಜಂಬಮ್ಮ ಕೂರಲಿಲ್ಲ.